ನೆಲದಿಂದಲೇ ಉಪಗ್ರಹಗಳ ಜಾಡು ಹಿಡಿಯುವುದು ಹೇಗೆ: ಹಾಸನ, ಚಿಕ್ಕಮಗಳೂರಿನವರಿಗೊಂದು ಸಮಗ್ರ ಮಾರ್ಗದರ್ಶಿ

ಹಾಸನದ ಸಾಲಗಾಮೆ ರಸ್ತೆಯಲ್ಲಿ ಓಡಾಡುವವರಿಗೆ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರದ, ಅಂದರೆ ಊರವರ ಬಾಯಲ್ಲಿ ಎಂಸಿಎಫ್ ಎನಿಸಿಕೊಂಡಿರುವ ಸಂಸ್ಥೆಯ, ಬಿಳಿಯ ಆಂಟೆನಾಗಳು ಹೊಸತೇನಲ್ಲ. ಇನ್ಸಾಟ್ ಸರಣಿಗಾಗಿ 1982ರಲ್ಲಿ ಆರಂಭವಾದ ಈ ಕೇಂದ್ರವು, 2005ರಲ್ಲಿ ಭೋಪಾಲದಲ್ಲಿ ಶುರುವಾದ ಜೊತೆ ಕೇಂದ್ರದೊಂದಿಗೆ ಸೇರಿ, ದೇಶದ ಭೂಸ್ಥಿರ, ಅಂದರೆ ನೆಲದಿಂದ ನಿಂತಂತೆ ಕಾಣುವ, ಉಪಗ್ರಹಗಳನ್ನು ಹಗಲಿರುಳು ನೋಡಿಕೊಳ್ಳುತ್ತಿದೆ. ಉಪಗ್ರಹ ಎಲ್ಲಿದೆ ಎಂಬುದನ್ನು ಅಲ್ಲಿನವರು ಅಳೆದು ತಿಳಿಯುತ್ತಾರೆ. ನೆಲದಿಂದ ಕಳಿಸಿದ ಸಂಕೇತ ಉಪಗ್ರಹವನ್ನು ಮುಟ್ಟಿ ಮರಳಲು ಹಿಡಿಯುವ ಸುಮಾರು ಕಾಲು ಸೆಕೆಂಡಿನ ಹೊತ್ತನ್ನು ಅತಿ ಸೂಕ್ಷ್ಮವಾಗಿ ಎಣಿಸಿ ದೂರವನ್ನು ಕಂಡುಕೊಳ್ಳುತ್ತಾರೆ.

ಮನೆಯ ತಾರಸಿಯ ಮೇಲೆ ನಿಂತ ನಮಗೆ ಆ ಸೌಲಭ್ಯವಿಲ್ಲ. ಆದರೂ ಒಂದು ಮೊಬೈಲ್, ಒಂದು ಲ್ಯಾಪ್‌ಟಾಪ್, ಚಿಕ್ಕದೊಂದು ರೇಡಿಯೊ ಡಾಂಗಲ್ ಇದ್ದರೆ, ಭೂಮಿಗೆ ಹತ್ತಿರ ಸುತ್ತುವ ಉಪಗ್ರಹವೊಂದು ಈ ಕ್ಷಣ ಯಾವ ದಿಕ್ಕಿನಲ್ಲಿ, ಎಷ್ಟು ಎತ್ತರದಲ್ಲಿದೆ ಎಂದು ಹೇಳಬಹುದು. ಅಷ್ಟೇ ಅಲ್ಲ, ಹೇಳಿದ್ದು ಸರಿಯೋ ಇಲ್ಲವೋ ಎಂದು ನಾವೇ ಪರೀಕ್ಷಿಸಲೂಬಹುದು. ಈ ಪರೀಕ್ಷೆಯ ಭಾಗವನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಆದ್ದರಿಂದ ಇಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪರದೆಯ ಮೇಲಿನ ಚುಕ್ಕಿ ಎಲ್ಲಿಂದ ಬರುತ್ತದೆ

ಆ್ಯಪ್‌ನಲ್ಲಿ ಭೂಪಟದ ಮೇಲೆ ಚುಕ್ಕಿಯೊಂದು ಸರಿಯುತ್ತಾ ಹೋಗುವುದನ್ನು ನೋಡಿದವರು, ಯಾರೋ ಎಲ್ಲಿಂದಲೋ ಅದನ್ನು ಆ ಕ್ಷಣದಲ್ಲಿ ಗಮನಿಸಿ ತೋರಿಸುತ್ತಿದ್ದಾರೆ ಎಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಆ ಚುಕ್ಕಿ ಒಂದು ಲೆಕ್ಕದ ಫಲ. ಅಮೆರಿಕದ ಬಾಹ್ಯಾಕಾಶ ಕಣ್ಗಾವಲು ವ್ಯವಸ್ಥೆಯ ರಾಡಾರ್‌ಗಳೂ ದೂರದರ್ಶಕಗಳೂ ಉಪಗ್ರಹಗಳನ್ನು ಆಗಾಗ ಗಮನಿಸುತ್ತವೆ. ಆ ಗಮನಿಕೆಗಳಿಂದ ಪ್ರತಿ ಉಪಗ್ರಹದ ಕಕ್ಷೆಯನ್ನು ಕೆಲವೇ ಅಂಕಿಗಳಲ್ಲಿ ಹಿಡಿದಿಟ್ಟು ಪ್ರಕಟಿಸಲಾಗುತ್ತದೆ. ನಮ್ಮ ಮೊಬೈಲಿನ ತಂತ್ರಾಂಶವು ಆ ಅಂಕಿಗಳನ್ನು ಎಸ್‌ಜಿಪಿ4 ಎಂಬ ಗಣಿತ ಮಾದರಿಗೆ ಕೊಟ್ಟು, ಈಗಿನ ಸಮಯಕ್ಕೆ ಉಪಗ್ರಹ ಎಲ್ಲಿರಬೇಕು ಎಂದು ಲೆಕ್ಕ ಹಾಕುತ್ತದೆ. ಭೂಮಿಯ ಉಬ್ಬಿದ ಸಮಭಾಜಕದ ಸೆಳೆತ, ತೆಳು ವಾತಾವರಣದ ಎಳೆತ ಮೊದಲಾದವನ್ನು ಈ ಮಾದರಿ ಸ್ಥೂಲವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಹಾಗಾಗಿ ನಮ್ಮ ಉತ್ತರದ ನಿಖರತೆ ಮೂರು ಸಂಗತಿಗಳ ಮೇಲೆ ನಿಂತಿದೆ: ನಾವಿರುವ ಸ್ಥಳ, ನಮ್ಮ ಗಡಿಯಾರ ಮತ್ತು ಆ ಅಂಕಿಗಳು ಎಷ್ಟು ತಾಜಾ ಎಂಬುದು.

ಮೊದಲ ಹೆಜ್ಜೆ: ಸ್ಥಳ ಮತ್ತು ಸಮಯ

ತಂತ್ರಾಂಶಕ್ಕೆ ನಿಮ್ಮ ಮನೆಯ ಅಕ್ಷಾಂಶ, ರೇಖಾಂಶ ಕೊಡಿ. ಹಾಸನ ನಗರಕ್ಕೆ ಸುಮಾರು 13.0 ಡಿಗ್ರಿ ಉತ್ತರ, 76.1 ಡಿಗ್ರಿ ಪೂರ್ವ; ಚಿಕ್ಕಮಗಳೂರಿಗೆ ಸುಮಾರು 13.3 ಉತ್ತರ, 75.8 ಪೂರ್ವ. ಅನೇಕ ತಂತ್ರಾಂಶಗಳ ಊರಿನ ಪಟ್ಟಿಯಲ್ಲಿ ನಮ್ಮ ಭಾಗಕ್ಕೆ ಬೆಂಗಳೂರು ಮಾತ್ರ ಸಿಗುತ್ತದೆ. ಅದನ್ನೇ ಆರಿಸಿಕೊಂಡು ಮುಂದುವರಿಯಬೇಡಿ. ಹಾಸನದಿಂದ ಬೆಂಗಳೂರಿಗೆ ನೇರ ದೂರ ಸುಮಾರು 160 ಕಿ.ಮೀ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವು ನಮ್ಮಿಂದ ಸುಮಾರು 420 ಕಿ.ಮೀ. ಮೇಲೆ ಸುತ್ತುವುದರಿಂದ, ಬೆಂಗಳೂರಿನ ನೆತ್ತಿಯ ಮೇಲಿದ್ದಾಗ ಅದು ಹಾಸನದವರಿಗೆ ನೆತ್ತಿಯಿಂದ ಇಪ್ಪತ್ತು ಡಿಗ್ರಿಗೂ ಹೆಚ್ಚು ಸರಿದು ಕಾಣುತ್ತದೆ. ಹಾಸನ, ಚಿಕ್ಕಮಗಳೂರುಗಳ ನಡುವೆ ಕೂಡ ಆರೇಳು ಡಿಗ್ರಿ ವ್ಯತ್ಯಾಸ ಬರಬಹುದು. ಕಣ್ಣಿನಿಂದ ನೋಡಲು ಇದು ಅಡ್ಡಿಯಾಗದು, ಆದರೆ ಲೆಕ್ಕವನ್ನು ಪರೀಕ್ಷಿಸಲು ಹೊರಟವರಿಗೆ ಇದೇ ದೊಡ್ಡ ತಪ್ಪಾಗುತ್ತದೆ.

ಸಮಯದ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟಾಗಿರಬೇಕು. ಬಾಹ್ಯಾಕಾಶ ನಿಲ್ದಾಣ ಸೆಕೆಂಡಿಗೆ ಸುಮಾರು 7.66 ಕಿ.ಮೀ. ಓಡುತ್ತದೆ, ನೆತ್ತಿಯ ಮೇಲೆ ಹಾಯುವಾಗ ಒಂದು ಸೆಕೆಂಡಿಗೆ ಸುಮಾರು ಒಂದು ಡಿಗ್ರಿಯಷ್ಟು, ಎಂದರೆ ಎರಡು ಹುಣ್ಣಿಮೆ ಚಂದ್ರರ ಅಗಲದಷ್ಟು, ಸರಿದುಬಿಡುತ್ತದೆ. ಮೊಬೈಲಿನಲ್ಲಿ ಸಮಯವನ್ನು ನೆಟ್‌ವರ್ಕ್‌ನಿಂದ ತಾನಾಗಿಯೇ ಪಡೆಯುವಂತೆ ಇಟ್ಟಿರಿ. ಲ್ಯಾಪ್‌ಟಾಪನ್ನು ಇಂಟರ್ನೆಟ್ ಸಮಯ ಸರ್ವರ್‌ಗೆ ಹೊಂದಿಸಿಕೊಳ್ಳಿ. ಉಪಗ್ರಹ ಲೋಕದ ವ್ಯವಹಾರವೆಲ್ಲ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ನಡೆಯುತ್ತದೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ ಎಂಬುದನ್ನು ಮರೆತರೆ, ಸಂಜೆಯ ಪಾಸನ್ನು (ಉಪಗ್ರಹ ನಮ್ಮ ಆಕಾಶವನ್ನು ಒಮ್ಮೆ ಹಾಯುವುದನ್ನು) ಮಧ್ಯಾಹ್ನ ಕಾಯುತ್ತಾ ಕೂರಬೇಕಾಗುತ್ತದೆ.

ಎರಡನೆಯ ಹೆಜ್ಜೆ: ಕಕ್ಷೆಯ ಅಂಕಿಗಳನ್ನು ಪಡೆದು ಓದುವುದು

ಕಕ್ಷೆಯ ಅಂಕಿಗಳನ್ನು ಬಹುಕಾಲದಿಂದ ಟಿಎಲ್ಇ ಎಂಬ ಎರಡು ಸಾಲುಗಳ ರೂಪದಲ್ಲಿ ಕೊಡಲಾಗುತ್ತಿದೆ. ಪ್ರತಿ ಸಾಲಿನಲ್ಲಿ 69 ಅಕ್ಷರಸ್ಥಾನಗಳಿರುತ್ತವೆ. ಸೆಲೆಸ್‌ಟ್ರ್ಯಾಕ್ ತಾಣದಲ್ಲಿ ನೋಂದಣಿಯಿಲ್ಲದೆ ಇವು ಸಿಗುತ್ತವೆ. ಸ್ಪೇಸ್-ಟ್ರ್ಯಾಕ್ ತಾಣದಲ್ಲಿ ಉಚಿತ ಖಾತೆ ತೆರೆಯಬೇಕು. ಐದಂಕಿಯ ಕ್ರಮಸಂಖ್ಯೆಗಳು ಮುಗಿಯುತ್ತಾ ಬಂದಿರುವುದರಿಂದ ಒಎಂಎಂ ಎಂಬ ಹೊಸ ರೂಪವೂ ಬಳಕೆಗೆ ಬಂದಿದೆ, ಆದರೆ ಒಳಗಿರುವ ವಿಷಯ ಒಂದೇ.

ತಂತ್ರಾಂಶವೇ ಇದನ್ನೆಲ್ಲ ಓದಿಕೊಳ್ಳುವಾಗ ನಾವೇಕೆ ಕಲಿಯಬೇಕು ಎಂದು ಕೇಳಬಹುದು. ಒಮ್ಮೆ ಕೈಯಾರೆ ಓದಿ ನೋಡಿದವರಿಗೆ, ಮುಂದೆ ಏನಾದರೂ ಹೊಂದದಿದ್ದಾಗ ಎಲ್ಲಿ ಹುಡುಕಬೇಕೆಂದು ತಿಳಿಯುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಮೊದಲ ಸಾಲಿನ ಆರಂಭದಲ್ಲಿ ಉಪಗ್ರಹದ ಕ್ರಮಸಂಖ್ಯೆ ಇರುತ್ತದೆ. ಬಾಹ್ಯಾಕಾಶ ನಿಲ್ದಾಣದ್ದು 25544. ಅದೇ ಸಾಲಿನ 19ರಿಂದ 32ನೇ ಸ್ಥಾನದವರೆಗೆ ಆ ಅಂಕಿಗಳು ಯಾವ ಕ್ಷಣಕ್ಕೆ ಸೇರಿದವು ಎಂಬುದು ಇರುತ್ತದೆ. ಉದಾಹರಣೆಗೆ 25045.50000000 ಎಂದಿದ್ದರೆ, 2025ನೇ ವರ್ಷದ 45ನೇ ದಿನದ ಅರ್ಧ ಕಳೆದ ಹೊತ್ತು, ಅಂದರೆ ಫೆಬ್ರವರಿ 14ರ ಯುಟಿಸಿ ಮಧ್ಯಾಹ್ನ 12, ನಮ್ಮ ಸಂಜೆ ಐದೂವರೆ. ಎಲ್ಲಕ್ಕಿಂತ ಮೊದಲು ನೋಡಬೇಕಾದ ಅಂಕಿ ಇದೇ.

ಎರಡನೆಯ ಸಾಲಿನಲ್ಲಿ ಕಕ್ಷೆಯ ಆಕಾರ ಮತ್ತು ನಿಲುವು ಇರುತ್ತದೆ. 9ರಿಂದ 16ನೇ ಸ್ಥಾನದಲ್ಲಿ ಕಕ್ಷೆ ಸಮಭಾಜಕಕ್ಕೆ ಎಷ್ಟು ಓರೆಯಾಗಿದೆ ಎಂಬುದು. ಬಾಹ್ಯಾಕಾಶ ನಿಲ್ದಾಣಕ್ಕೆ ಇದು ಸುಮಾರು 51.6 ಡಿಗ್ರಿ. ಆದ್ದರಿಂದಲೇ ಅದು ನಮ್ಮ ಆಕಾಶವನ್ನು ನೈಋತ್ಯದಿಂದ ಈಶಾನ್ಯಕ್ಕೋ ವಾಯವ್ಯದಿಂದ ಆಗ್ನೇಯಕ್ಕೋ ದಾಟುತ್ತದೆ; ಹವಾಮಾನದ ಧ್ರುವೀಯ ಉಪಗ್ರಹಗಳಾದರೆ ಬಹುಪಾಲು ಉತ್ತರ–ದಕ್ಷಿಣವಾಗಿ ಹಾಯುತ್ತವೆ. 27ರಿಂದ 33ರವರೆಗಿನ ಅಂಕಿ ಕಕ್ಷೆ ಎಷ್ಟು ದೀರ್ಘವೃತ್ತ ಎಂಬುದನ್ನು ಹೇಳುತ್ತದೆ. ಅದರ ಮುಂದೆ ದಶಮಾಂಶ ಬಿಂದು ಬರೆದಿರುವುದಿಲ್ಲ, ಇದೆಯೆಂದೇ ತಿಳಿಯಬೇಕು. 53ರಿಂದ 63ರವರೆಗೆ ದಿನಕ್ಕೆ ಎಷ್ಟು ಸುತ್ತು ಎಂಬುದು. ನಿಲ್ದಾಣಕ್ಕೆ ಇದು ಸುಮಾರು 15.5. ದಿನದ 1,440 ನಿಮಿಷಗಳನ್ನು ಇದರಿಂದ ಭಾಗಿಸಿದರೆ ಒಂದು ಸುತ್ತಿಗೆ ಸುಮಾರು 93 ನಿಮಿಷ ಎಂದಾಗುತ್ತದೆ. ಸಂಜೆ ಏಳಕ್ಕೆ ಕಂಡದ್ದು ಎಂಟೂವರೆಯ ಸುಮಾರಿಗೆ ಪಶ್ಚಿಮಕ್ಕೆ ಸರಿದ ಇನ್ನೊಂದು ಹಾದಿಯಲ್ಲಿ ಮತ್ತೆ ಏಕೆ ಬರುತ್ತದೆಂದು ಇಲ್ಲಿಗೇ ಅರ್ಥವಾಗುತ್ತದೆ.

ಈ ಅಂಕಿಗಳು ಹಳಸುತ್ತವೆ. ಪ್ರಕಟವಾದ ಕ್ಷಣಕ್ಕೆ ಸುಮಾರು ಒಂದು ಕಿ.ಮೀ. ಇರುವ ದೋಷವು ದಿನಕ್ಕೆ ಒಂದರಿಂದ ಮೂರು ಕಿ.ಮೀ.ನಂತೆ ಬೆಳೆಯುತ್ತದೆ ಎಂಬುದು ಸಾಮಾನ್ಯ ಅಂದಾಜು. ಕೆಳಗಿನ ಕಕ್ಷೆಯವುಗಳಿಗೆ, ಸೂರ್ಯನ ಚಟುವಟಿಕೆ ಹೆಚ್ಚಿ ಮೇಲಿನ ವಾತಾವರಣ ಹಿಗ್ಗಿದಾಗ, ಇನ್ನೂ ಬೇಗ. ಬಾಹ್ಯಾಕಾಶ ನಿಲ್ದಾಣವನ್ನು ಆಗಾಗ ಎಂಜಿನ್ ಉರಿಸಿ ಮೇಲಕ್ಕೆತ್ತುತ್ತಾರೆ. ಅದರ ಮರುದಿನ ಹಳೆಯ ಅಂಕಿ ಇಟ್ಟುಕೊಂಡು ಕಾದರೆ ಲೆಕ್ಕ ಪೂರ್ತಿ ತಪ್ಪುತ್ತದೆ. ಅದಕ್ಕೆ ದಿನವೂ ಹೊಸ ಅಂಕಿ ಇಳಿಸಿಕೊಳ್ಳಿ. ಎತ್ತರದ ಕಕ್ಷೆಯವಕ್ಕೆ ವಾರಕ್ಕೊಮ್ಮೆ ಸಾಕು.

ಮೂರನೆಯ ಹೆಜ್ಜೆ: ತಂತ್ರಾಂಶ, ದಿಕ್ಕು, ಎತ್ತರ

ಮೊಬೈಲಿಗೆ ಲುಕ್‌4ಸ್ಯಾಟ್ ಅಥವಾ ಹೆವೆನ್ಸ್-ಅಬವ್, ಲ್ಯಾಪ್‌ಟಾಪಿಗೆ ಜಿಪ್ರೆಡಿಕ್ಟ್, ನಕ್ಷತ್ರಗಳ ಹಿನ್ನೆಲೆಯಲ್ಲಿ ನೋಡಲು ಸ್ಟೆಲೇರಿಯಂ. ಇಷ್ಟು ಸಾಕು, ಎಲ್ಲವೂ ಉಚಿತ. ಪೈಥಾನ್ ಬಲ್ಲವರು ಸ್ಕೈಫೀಲ್ಡ್ ಗ್ರಂಥಾಲಯದಿಂದ ತಾವೇ ಲೆಕ್ಕ ಹಾಕಿಕೊಳ್ಳಬಹುದು.

ಇವು ಕೊಡುವ ಉತ್ತರದಲ್ಲಿ ಎರಡು ಕೋನಗಳು ಮುಖ್ಯ. ಉತ್ತರವನ್ನು ಸೊನ್ನೆ ಎಂದಿಟ್ಟು ಪೂರ್ವದ ಕಡೆಗೆ ಎಣಿಸುವ ದಿಗಂಶ; ದಿಗಂತದಿಂದ ಮೇಲಕ್ಕೆ ಎಣಿಸುವ ಉನ್ನತಾಂಶ. ಕೈ ನೀಡಿ ಹಿಡಿದ ಮುಷ್ಟಿಯ ಅಗಲ ಸುಮಾರು ಹತ್ತು ಡಿಗ್ರಿ, ಆದ್ದರಿಂದ ಮುಷ್ಟಿಯ ಮೇಲೆ ಮುಷ್ಟಿಯಿಟ್ಟು ಎಣಿಸಿದರೆ ಎತ್ತರದ ಅಂದಾಜು ಸಿಗುತ್ತದೆ. ಮೊಬೈಲಿನ ದಿಕ್ಸೂಚಿಯನ್ನು ಕಬ್ಬಿಣದ ಸರಳುಗಳಿರುವ ತಾರಸಿಯ ಮೇಲೆ ನಂಬಬೇಡಿ. ರಾತ್ರಿ ಧ್ರುವ ನಕ್ಷತ್ರ ನಮ್ಮಲ್ಲಿ ಹದಿಮೂರು ಡಿಗ್ರಿ ಎತ್ತರದಲ್ಲಷ್ಟೇ ಇರುತ್ತದೆ. ಉತ್ತರದ ಕಡೆ ಬಯಲಿದ್ದರೆ ಅದನ್ನೊಮ್ಮೆ ಗುರುತಿಸಿ, ಪ್ಯಾರಪೆಟ್ ಮೇಲೆ ಬಳಪದಿಂದ ದಿಕ್ಕು ಬರೆದಿಟ್ಟುಕೊಂಡರೆ ಎಂದೆಂದಿಗೂ ಉಪಯೋಗಕ್ಕೆ ಬರುತ್ತದೆ.

ತಂತ್ರಾಂಶಕ್ಕೆ ಗೊತ್ತಿಲ್ಲದ ಒಂದು ಸಂಗತಿ ನಿಮ್ಮ ದಿಗಂತ. ಚಿಕ್ಕಮಗಳೂರು ಪಟ್ಟಣದಿಂದ ವಾಯವ್ಯಕ್ಕೆ ಸುಮಾರು ಹತ್ತು ಕಿ.ಮೀ. ದೂರದಲ್ಲಿ ಮುಳ್ಳಯ್ಯನಗಿರಿ ಇದೆ; ಅದು ಪಟ್ಟಣಕ್ಕಿಂತ ಎಂಟುನೂರು ಮೀಟರಿಗೂ ಎತ್ತರ. ಎಂದರೆ ಆ ದಿಕ್ಕಿನಲ್ಲಿ ಸುಮಾರು ಐದು ಡಿಗ್ರಿ ಆಕಾಶ ಬೆಟ್ಟದ ಮರೆಗೆ ಹೋಯಿತು. ವಾಯವ್ಯದಿಂದ ಏರುವ ಬಾಹ್ಯಾಕಾಶ ನಿಲ್ದಾಣ ತಂತ್ರಾಂಶ ಹೇಳಿದ್ದಕ್ಕಿಂತ ಸುಮಾರು ಒಂದು ನಿಮಿಷ ತಡವಾಗಿ ಕಾಣಿಸಿಕೊಂಡರೆ ಲೆಕ್ಕ ತಪ್ಪಿದೆಯೆಂದಲ್ಲ. ತೋಟದ ಮನೆಗಳಲ್ಲಿ ಸಿಲ್ವರ್ ಓಕ್ ಮರಗಳು ಇನ್ನೂ ಹೆಚ್ಚು ಆಕಾಶವನ್ನು ಮುಚ್ಚುತ್ತವೆ. ಅಲ್ಲಿ ಕಾಫಿ ಒಣಗಿಸುವ ಕಣವೇ ಅತ್ಯುತ್ತಮ ಜಾಗ. ಹತ್ತು ಡಿಗ್ರಿಗಿಂತ ಕೆಳಗಿನ ಭಾಗವನ್ನು ಆರಂಭದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಒಳ್ಳೆಯದು. ಗರಿಷ್ಠ ಎತ್ತರ ನಲವತ್ತು ಡಿಗ್ರಿಗೆ ಮೀರುವ ಪಾಸುಗಳನ್ನೇ ಆರಿಸಿಕೊಳ್ಳಿ.

ನಾಲ್ಕನೆಯ ಹೆಜ್ಜೆ: ಕಣ್ಣಿನ ಪರೀಕ್ಷೆ

ಉಪಗ್ರಹಕ್ಕೆ ಸ್ವಂತ ಬೆಳಕಿಲ್ಲ. ನಮ್ಮಲ್ಲಿ ಕತ್ತಲಾಗಿ, ಮೇಲೆ ಅದಕ್ಕಿನ್ನೂ ಬಿಸಿಲು ಬೀಳುತ್ತಿರುವಾಗ ಮಾತ್ರ ಅದು ಕಾಣುತ್ತದೆ. ಅಂದರೆ ಸೂರ್ಯಾಸ್ತದ ನಂತರದ ಮತ್ತು ಸೂರ್ಯೋದಯದ ಮುಂಚಿನ ಒಂದೆರಡು ಗಂಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮೋಡದಲ್ಲಿ ಈ ಆಸೆ ಇಟ್ಟುಕೊಳ್ಳುವಂತಿಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗಿನ ಸಂಜೆಗಳು ಪ್ರಶಸ್ತ. ಮುಂಜಾವಿನಲ್ಲಿ ಮಂಜು ಕವಿಯುವುದರಿಂದ ಸಂಜೆಯನ್ನೇ ಆರಿಸುವುದು ಲೇಸು.

ಸ್ಟೆಲೇರಿಯಂನಲ್ಲಿ ಪಾಸನ್ನು ಮೊದಲೇ ಓಡಿಸಿ ನೋಡಿ, ನಿಲ್ದಾಣ ಯಾವ ಪ್ರಕಾಶಮಾನ ನಕ್ಷತ್ರದ ಪಕ್ಕದಲ್ಲಿ ಹಾಯುತ್ತದೆ ಎಂದು ಗುರುತಿಸಿಕೊಳ್ಳಿ. ಜನವರಿಯ ಸಂಜೆಯಾದರೆ ರೋಹಿಣಿ, ಆರ್ದ್ರಾ, ಬ್ರಹ್ಮಹೃದಯದಂಥ ನಕ್ಷತ್ರಗಳು ಕೈಗೆಟುಕುವಂತಿರುತ್ತವೆ. ಹೊರಗೆ ನಿಂತು, ನಿಲ್ದಾಣ ಆ ನಕ್ಷತ್ರಕ್ಕೆ ಅತಿ ಸಮೀಪ ಬಂದ ಕ್ಷಣದಲ್ಲಿ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, ಆಮೇಲೆ ನಿಖರ ಗಡಿಯಾರದೊಂದಿಗೆ ಹೋಲಿಸಿ ಸಮಯ ಬರೆದುಕೊಳ್ಳಿ. ತಾಜಾ ಅಂಕಿಗಳಿದ್ದರೆ ಲೆಕ್ಕ ಮತ್ತು ಗಮನಿಕೆಯ ನಡುವಿನ ವ್ಯತ್ಯಾಸ ನಿಮ್ಮ ಬೆರಳಿನ ತಡಕ್ಕಿಂತ ಹೆಚ್ಚಾಗಬಾರದು. ಸಮಯ ಹೊಂದದಿದ್ದರೆ ಗಡಿಯಾರವನ್ನೋ ಹಳೆಯ ಅಂಕಿಗಳನ್ನೋ ಶಂಕಿಸಿ. ಸಮಯ ಸರಿಯಿದ್ದು ಹಾದಿಯೇ ನಕ್ಷತ್ರದಿಂದ ಒಂದು ಬದಿಗೆ ಸರಿದಿದ್ದರೆ, ಹೆಚ್ಚಾಗಿ ನೀವು ಕೊಟ್ಟ ಸ್ಥಳದಲ್ಲಿ ತಪ್ಪಿದೆ. ಈ ಎರಡು ಬಗೆಯ ದೋಷಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಬಂದರೆ ಅರ್ಧ ವಿದ್ಯೆ ಕೈಗೆ ಬಂದಂತೆ.

ಅನೇಕ ಸಂಜೆಯ ಪಾಸುಗಳಲ್ಲಿ ನಿಲ್ದಾಣವು ದಿಗಂತ ತಲುಪುವ ಮೊದಲೇ ಮಾಯವಾಗುತ್ತದೆ. ಭೂಮಿಯ ನೆರಳನ್ನು ಹೊಗುವಾಗ ಅದು ಮೊದಲು ಮಂಕಾಗಿ, ತುಸು ಕೆಂಪಾಗಿ, ಕೆಲವೇ ಸೆಕೆಂಡುಗಳಲ್ಲಿ ಆರುತ್ತದೆ. ಈ ಕ್ಷಣವನ್ನೂ ತಂತ್ರಾಂಶಗಳು ಮುಂಚೆಯೇ ಹೇಳುತ್ತವೆ, ಅದನ್ನೂ ಬರೆದುಕೊಳ್ಳಿ.

ಐದನೆಯ ಹೆಜ್ಜೆ: ರೇಡಿಯೊದಿಂದ ಹಿಡಿಯುವುದು

ಕಣ್ಣಿಗೆ ಮೋಡ ಅಡ್ಡ ಬರುತ್ತದೆ, ಹಗಲು ಅಡ್ಡ ಬರುತ್ತದೆ. ರೇಡಿಯೊಗೆ ಎರಡೂ ಇಲ್ಲ. ಆರ್‌ಟಿಎಲ್-ಎಸ್‌ಡಿಆರ್ ಎಂಬ ಪೆನ್‌ಡ್ರೈವ್ ಗಾತ್ರದ ಡಾಂಗಲ್, ಎಸ್‌ಡಿಆರ್++ ಅಥವಾ ಸ್ಯಾಟ್‌ಡಂಪ್ ತಂತ್ರಾಂಶ, ಕೈಯಿಂದಲೇ ಮಾಡಿದ ಆಂಟೆನಾ ಇಷ್ಟು ಬೇಕು. ಕೇಳುವುದಷ್ಟೇ ಇಲ್ಲಿನ ವಿಷಯ. ಉಪಗ್ರಹದ ಮೂಲಕ ಮಾತನಾಡಬೇಕಾದರೆ ಪರೀಕ್ಷೆ ಪಾಸು ಮಾಡಿ ಕೇಂದ್ರ ಸರ್ಕಾರದ ಹವ್ಯಾಸಿ ರೇಡಿಯೊ ಪರವಾನಗಿ ಪಡೆಯಲೇಬೇಕು.

ಆಂಟೆನಾಕ್ಕೆ ಎರಡು ಅಲ್ಯೂಮಿನಿಯಂ ಕಡ್ಡಿಗಳು ಸಾಕು. ಹವಾಮಾನ ಉಪಗ್ರಹಗಳ 137 ಮೆಗಾಹರ್ಟ್ಜ್‌ಗೆ ಪ್ರತಿ ಕಡ್ಡಿಯ ಉದ್ದ 53.4 ಸೆಂ.ಮೀ.; ಬಾಹ್ಯಾಕಾಶ ನಿಲ್ದಾಣದ 145.8 ಮೆಗಾಹರ್ಟ್ಜ್‌ಗೆ ಸುಮಾರು 49 ಸೆಂ.ಮೀ. ಒಂದನ್ನು ಕೋಆ್ಯಕ್ಸಿಯಲ್ ತಂತಿಯ ನಡುವಿನ ಎಳೆಗೂ ಇನ್ನೊಂದನ್ನು ಹೊರಗಿನ ಜಾಲರಿಗೂ ಜೋಡಿಸಿ, ನಡುವೆ 120 ಡಿಗ್ರಿ ಕೋನವಿರುವಂತೆ ನೆಲಕ್ಕೆ ಸಮಾನಾಂತರವಾಗಿ ಮರದ ಕೋಲಿನ ಮೇಲೆ ಕೂರಿಸಿ, ತೆರೆದ ಬಾಯಿ ಉತ್ತರಕ್ಕೋ ದಕ್ಷಿಣಕ್ಕೋ ಇರಲಿ. ತಾರಸಿಯ ಮೇಲೆ ನೀರಿನ ಟ್ಯಾಂಕಿನಿಂದ ದೂರವಿಡಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಸೂಚನೆ ಕಂಡೊಡನೆ ತಂತಿಯನ್ನು ಕಳಚಿ ಮನೆಯ ಹೊರಗೇ ಬಿಡಬೇಕು. ಇದರಲ್ಲಿ ರಾಜಿ ಬೇಡ.

ಮನೆಯ ಎಲ್ಇಡಿ ದೀಪಗಳು, ಯುಪಿಎಸ್, ಮೊಬೈಲ್ ಚಾರ್ಜರ್‌ಗಳು ಈ ತರಂಗಾಂತರಗಳಲ್ಲಿ ಗದ್ದಲ ಎಬ್ಬಿಸುತ್ತವೆ. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯ ತೋಟಗಳಲ್ಲಿ ಇನ್ನೊಂದು ಬಗೆಯದು ಸೇರಿಕೊಳ್ಳುತ್ತದೆ: ಆನೆ ತಡೆಯಲು ಹಾಕಿದ ಸೋಲಾರ್ ಬೇಲಿಯ ವಿದ್ಯುತ್ ಮಿಡಿತ. ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ಟಿಕ್ ಟಿಕ್ ಎಂದು ಪರದೆಯ ಅಡ್ಡಕ್ಕೂ ಗೆರೆ ಎಳೆದಂತೆ ಕಾಣುವ ಇದು ಉಪಗ್ರಹದ ಸಂಕೇತವಲ್ಲ. ಸಸಿ, ಕಳೆ ತಾಗಿ ಬೇಲಿಯಲ್ಲಿ ಕಿಡಿ ಹಾರುವ ಜಾಗವನ್ನು ಸರಿಪಡಿಸಿದರೆ ಗದ್ದಲ ಬಹಳ ಮಟ್ಟಿಗೆ ಇಳಿಯುತ್ತದೆ. ಬೇಲಿಗೂ ಅದು ಒಳ್ಳೆಯದೇ.

ಏನನ್ನು ಕೇಳಬಹುದು? ರಷ್ಯಾದ ಮೆಟಿಯೋರ್-ಎಂ ಸರಣಿಯ ಎನ್2-3 ಮತ್ತು ಎನ್2-4 ಉಪಗ್ರಹಗಳು 137.9 ಅಥವಾ 137.1 ಮೆಗಾಹರ್ಟ್ಜ್‌ನಲ್ಲಿ ಮೋಡಗಳ ಚಿತ್ರ ಕಳಿಸುತ್ತವೆ. ಸ್ಯಾಟ್‌ಡಂಪ್ ಅದನ್ನು ಬಿಡಿಸಿ, ಅರಬ್ಬೀ ಸಮುದ್ರದಿಂದ ಬಂಗಾಳ ಕೊಲ್ಲಿಯವರೆಗಿನ ಚಿತ್ರವನ್ನು ಸಾಲು ಸಾಲಾಗಿ ಪರದೆಗೆ ತರುತ್ತದೆ. ಹಳೆಯ ಲೇಖನಗಳಲ್ಲಿ ಓದಿದ ಅಮೆರಿಕದ ಹವಾಮಾನ ಉಪಗ್ರಹಗಳಾದ ನೋವಾ-15, 18, 19ನ್ನು ಹುಡುಕುತ್ತಾ ಹೊತ್ತು ಕಳೆಯಬೇಡಿ, 2025ರಲ್ಲಿ ಮೂರೂ ಸೇವೆ ಮುಗಿಸಿವೆ. ಬಾಹ್ಯಾಕಾಶ ನಿಲ್ದಾಣದ ಹ್ಯಾಮ್ (ಹವ್ಯಾಸಿ ರೇಡಿಯೊ) ಕೇಂದ್ರದ ಮಾತು 145.800ರಲ್ಲಿ, ದತ್ತಾಂಶದ ಚಿಕ್ಕ ಚಿಕ್ಕ ಸಿಡಿತಗಳು 145.825ರಲ್ಲಿ ಕೇಳುತ್ತವೆ. 2025ರ ಜುಲೈನಲ್ಲಿ ಗಗನಯಾತ್ರಿ ಶುಭಾಂಶು ಶುಕ್ಲಾ ನಿಲ್ದಾಣದಿಂದ ಭಾರತದ ವಿದ್ಯಾರ್ಥಿಗಳೊಂದಿಗೆ ಮಾತನಾಡಿದ್ದು ಈ ಹ್ಯಾಮ್ ರೇಡಿಯೊ ವ್ಯವಸ್ಥೆಯ ಮೂಲಕವೇ. 1974ರಲ್ಲಿ ಹಾರಿದ ಹವ್ಯಾಸಿ ರೇಡಿಯೊ ಉಪಗ್ರಹ ಆಸ್ಕರ್-7 ಕೂಡ, ಬ್ಯಾಟರಿ ಸತ್ತು ಎರಡು ದಶಕ ಮೌನವಾಗಿದ್ದು 2002ರಲ್ಲಿ ಮತ್ತೆ ಕೇಳಿಸಿ, ಬಿಸಿಲು ಬಿದ್ದಾಗಲೆಲ್ಲ ಸದ್ದು ಮಾಡುತ್ತಾ ಬಂದಿದೆ.

ಈಗ ಮುಖ್ಯ ಸಂಗತಿ, ಡಾಪ್ಲರ್ ಪಲ್ಲಟ. ನಮ್ಮ ಕಡೆಗೆ ಬರುವಾಗ ಉಪಗ್ರಹದ ಸಂಕೇತದ ಆವೃತ್ತಿ ಹೆಚ್ಚಾಗಿಯೂ ದೂರ ಹೋಗುವಾಗ ಕಡಿಮೆಯಾಗಿಯೂ ಕೇಳುತ್ತದೆ. ನಿಲ್ದಾಣದ ವೇಗಕ್ಕೆ 145.8 ಮೆಗಾಹರ್ಟ್ಜ್‌ನಲ್ಲಿ ಇದು ಸುಮಾರು ಮೂರೂವರೆ ಕಿಲೋಹರ್ಟ್ಜ್ ಮೇಲೆ ಮತ್ತು ಅಷ್ಟೇ ಕೆಳಗೆ. 437 ಮೆಗಾಹರ್ಟ್ಜ್‌ನಲ್ಲಿ ಹತ್ತು ಕಿಲೋಹರ್ಟ್ಜ್‌ಗೂ ಹೆಚ್ಚು. ಎಸ್‌ಡಿಆರ್ ತಂತ್ರಾಂಶದ ಜಲಪಾತ ಚಿತ್ರದಲ್ಲಿ (ಹೊತ್ತು ಸರಿದಂತೆ ಆವೃತ್ತಿಗಳು ಸಾಲು ಸಾಲಾಗಿ ಇಳಿಯುತ್ತಾ ಹೋಗುವ ಪರದೆಯಲ್ಲಿ) ಸಂಕೇತದ ಗೆರೆ ಮೊದಲು ಬಹುತೇಕ ನೇರವಾಗಿದ್ದು, ನಡುವೆ ಬೇಗನೆ ಬಾಗಿ, ಕೊನೆಗೆ ಮತ್ತೆ ನೇರವಾಗುತ್ತದೆ. ಗೆರೆ ಅತ್ಯಂತ ವೇಗವಾಗಿ ಬಾಗುವ ಕ್ಷಣವೇ ಉಪಗ್ರಹ ನಮಗೆ ಅತಿ ಸಮೀಪ ಬಂದ ಕ್ಷಣ. ಎಷ್ಟು ವೇಗವಾಗಿ ಬಾಗಿತು ಎಂಬುದು ಆ ಕ್ಷಣದ ದೂರವನ್ನೂ ಹೇಳುತ್ತದೆ: ನೆತ್ತಿಯ ಮೇಲೆ 420 ಕಿ.ಮೀ. ಎತ್ತರದಲ್ಲಿ ಹಾದರೆ 145.8 ಮೆಗಾಹರ್ಟ್ಜ್‌ನಲ್ಲಿ ಸೆಕೆಂಡಿಗೆ ಸುಮಾರು 60 ಹರ್ಟ್ಜ್. ದೂರ ಎರಡರಷ್ಟಾದರೆ ಇದು ಸುಮಾರು ಅರ್ಧಕ್ಕೆ ಇಳಿಯುತ್ತದೆ.

1957ರ ಅಕ್ಟೋಬರ್‌ನಲ್ಲಿ ಸ್ಪುಟ್ನಿಕ್ ಹಾರಿದಾಗ, ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ವಿಲಿಯಂ ಗಯರ್ ಮತ್ತು ಜಾರ್ಜ್ ವೈಫೆನ್‌ಬಾಕ್ ಎಂಬಿಬ್ಬರು ಅದರ 20 ಮೆಗಾಹರ್ಟ್ಜ್ ಸುಮಾರಿನ ಬೀಪ್ ಶಬ್ದದ ಈ ಬಾಗನ್ನು ಅಳೆದೇ ಅದರ ಕಕ್ಷೆಯನ್ನು ಕಂಡುಹಿಡಿದರು. ಒಂದೇ ಜಾಗದಲ್ಲಿ ಕೂತು ಕೇಳಿದ ಸದ್ದಿನಿಂದ ಕಕ್ಷೆ ಸಿಕ್ಕಿತು. ಅದನ್ನು ತಿರುಗಿಸಿ ಯೋಚಿಸಿದಾಗ, ತಿಳಿದ ಕಕ್ಷೆಯಿಂದ ನೆಲದ ಸ್ಥಳ ಕಂಡುಕೊಳ್ಳುವ ಟ್ರಾನ್ಸಿಟ್ ನೌಕಾಯಾನ ವ್ಯವಸ್ಥೆ ಹುಟ್ಟಿತು. ನಮ್ಮ ತಾರಸಿಯ ಮೇಲಿನ ಡಾಂಗಲ್ ಮಾಡುವುದೂ ತತ್ತ್ವದಲ್ಲಿ ಅದೇ ಕೆಲಸ.

ಕ್ರಮ ಹೀಗೆ. ಪಾಸಿಗೆ ಐದು ನಿಮಿಷ ಮುಂಚೆ ಧ್ವನಿಮುದ್ರಣ ಆರಂಭಿಸಿ; ಡಾಪ್ಲರ್ ಸರಿಪಡಿಸುವ ಸ್ವಯಂಚಾಲಿತ ಸೌಲಭ್ಯವನ್ನು ಈ ಪರೀಕ್ಷೆಯ ಮಟ್ಟಿಗೆ ನಿಲ್ಲಿಸಿಡಿ, ಇಲ್ಲವಾದರೆ ಅಳೆಯಬೇಕಾದ್ದನ್ನೇ ಅದು ಅಳಿಸಿಬಿಡುತ್ತದೆ. ನಂತರ ಮುದ್ರಣವನ್ನು ತೆರೆದು, ಹತ್ತು ಸೆಕೆಂಡಿಗೊಮ್ಮೆ ಗೆರೆಯ ಆವೃತ್ತಿಯನ್ನು ಬರೆದು, ಗ್ರಾಫ್ ಹಾಳೆಯ ಮೇಲೋ ಎಕ್ಸೆಲ್‌ನಲ್ಲೋ ಬಿಡಿಸಿ. ಅತಿ ಕಡಿದಾದ ಬಿಂದುವಿನ ಸಮಯವನ್ನು ತಂತ್ರಾಂಶ ಹೇಳಿದ ಗರಿಷ್ಠ ಎತ್ತರದ ಸಮಯದೊಂದಿಗೆ ಹೋಲಿಸಿ. ಅಗ್ಗದ ಡಾಂಗಲ್‌ಗಳ ಆವೃತ್ತಿ ನಿರ್ಧರಿಸುವ ಸ್ಫಟಿಕ ಹತ್ತು ಲಕ್ಷಕ್ಕೆ ಐವತ್ತರಷ್ಟು ತಪ್ಪಿರಬಹುದು; 145 ಮೆಗಾಹರ್ಟ್ಜ್‌ನಲ್ಲಿ ಅದು ಏಳು ಕಿಲೋಹರ್ಟ್ಜ್, ಅಂದರೆ ಡಾಪ್ಲರ್ ಪಲ್ಲಟದ ಎರಡರಷ್ಟು. ಆದರೆ ಈ ತಪ್ಪು ಇಡೀ ಗೆರೆಯನ್ನು ಒಂದೇ ಸಮ ಸರಿಸುತ್ತದೆಯೇ ಹೊರತು ಬಾಗುವ ಸಮಯವನ್ನು ಬದಲಿಸುವುದಿಲ್ಲ. ಆದ್ದರಿಂದ ಅಗ್ಗದ ಉಪಕರಣದಿಂದಲೂ ಈ ಅಳತೆ ನಂಬಲರ್ಹ. ಕಿರಿದಾದ ಮೋರ್ಸ್ ಬೀಕನ್ (ಗುರುತಿನ ಸಂಕೇತ) ಕಳಿಸುವ, ಡಬ್ಬಿಯಷ್ಟು ಚಿಕ್ಕ ಉಪಗ್ರಹಗಳಾದ ಕ್ಯೂಬ್‌ಸ್ಯಾಟ್‌ಗಳಲ್ಲಿ ಇದು ಸುಲಭ. ಮೆಟಿಯೋರ್‌ನ ಅಗಲವಾದ ಸಂಕೇತದಲ್ಲಿ ಅಂಚನ್ನು ಹಿಡಿದು ಅಳೆಯಬೇಕಾಗುತ್ತದೆ. ಯಾವ ಉಪಗ್ರಹ ಯಾವ ಆವೃತ್ತಿಯಲ್ಲಿ ಸಕ್ರಿಯವಾಗಿದೆ ಎಂಬ ಪಟ್ಟಿ ಸ್ಯಾಟ್‌ನಾಗ್ಸ್ ದತ್ತಸಂಚಯದಲ್ಲಿ ಸಿಗುತ್ತದೆ.

ಆರನೆಯ ಹೆಜ್ಜೆ: ಕದಲದ ಉಪಗ್ರಹಗಳು

ಎಂಸಿಎಫ್ ಕಾಯುವ ಭೂಸ್ಥಿರ ಉಪಗ್ರಹಗಳು ಸಮಭಾಜಕದ ಮೇಲೆ 35,786 ಕಿ.ಮೀ. ಎತ್ತರದಲ್ಲಿ ಭೂಮಿಯ ಜೊತೆಗೇ ತಿರುಗುವುದರಿಂದ ನಮಗೆ ನಿಂತಂತೆ ಕಾಣುತ್ತವೆ. 83 ಡಿಗ್ರಿ ಪೂರ್ವದ ಜಿಸ್ಯಾಟ್-30 ಹಾಸನದಿಂದ ಸುಮಾರು 152 ಡಿಗ್ರಿ ದಿಗಂಶದಲ್ಲಿ, 73 ಡಿಗ್ರಿ ಎತ್ತರದಲ್ಲಿದೆ. 74 ಡಿಗ್ರಿ ಪೂರ್ವದ ಹವಾಮಾನ ಉಪಗ್ರಹ ಇನ್ಸಾಟ್-3ಡಿಆರ್ 189 ಡಿಗ್ರಿ ದಿಗಂಶದಲ್ಲಿ, 74 ಡಿಗ್ರಿಗೂ ತುಸು ಮೇಲೆ. ನಮ್ಮೂರಿನ ಡಿಟಿಎಚ್ ತಟ್ಟೆಗಳು ಬಹುತೇಕ ಆಕಾಶಕ್ಕೇ ಮುಖ ಮಾಡಿರುವುದು ಇದರಿಂದಲೇ.

ಇವನ್ನು ಪರೀಕ್ಷಿಸಲು ವರ್ಷಕ್ಕೆ ಎರಡು ಸಲ ಸೂರ್ಯನೇ ನೆರವಾಗುತ್ತಾನೆ. ನಮ್ಮ ಅಕ್ಷಾಂಶದಿಂದ ನೋಡಿದರೆ ಮಾರ್ಚ್ ಮಧ್ಯದಲ್ಲಿಯೂ ಸೆಪ್ಟೆಂಬರ್ ಕೊನೆಯಲ್ಲಿಯೂ ಕೆಲವು ದಿನ ಸೂರ್ಯ ಈ ಉಪಗ್ರಹಗಳ ಹಿಂದೆಯೇ ಹಾಯುತ್ತಾನೆ, ಆಗ ಅವನ ರೇಡಿಯೊ ಗದ್ದಲದಲ್ಲಿ ಸಂಕೇತ ಕೆಲವು ನಿಮಿಷ ಮುಳುಗಿಹೋಗುತ್ತದೆ. 83 ಡಿಗ್ರಿಯ ಉಪಗ್ರಹಕ್ಕೆ ಹಾಸನದಲ್ಲಿ ಇದು ಮಾರ್ಚ್‌ನಲ್ಲಿ ಮಧ್ಯಾಹ್ನ 12ರ ಆಸುಪಾಸಿಗೆ, ಸೆಪ್ಟೆಂಬರ್‌ನಲ್ಲಿ ಸುಮಾರು 11.45ಕ್ಕೆ ಬರುತ್ತದೆ. ಆ ದಿನಗಳಲ್ಲಿ ಸಂಕೇತದ ಬಲವನ್ನು ಸೆಟ್‌ಟಾಪ್ ಬಾಕ್ಸಿನ ಪರದೆಯಲ್ಲಿ ನಿಮಿಷಕ್ಕೊಮ್ಮೆ ಬರೆದುಕೊಂಡು, ಅತಿ ಕುಸಿದ ಕ್ಷಣದಲ್ಲಿ ಸೂರ್ಯನ ದಿಗಂಶ, ಉನ್ನತಾಂಶ ಎಷ್ಟಿತ್ತೆಂದು ಸ್ಟೆಲೇರಿಯಂನಲ್ಲಿ ನೋಡಿದರೆ, ಉಪಗ್ರಹದ ದಿಕ್ಕು ಒಂದು ಡಿಗ್ರಿಯ ಆಸುಪಾಸಿನಲ್ಲಿ ನಿಮ್ಮ ಕೈಗೆ ಬರುತ್ತದೆ. ಸೂರ್ಯನ ಕಡೆ ನೇರ ನೋಡಬೇಡಿ. ತಟ್ಟೆಯ ತೋಳಿನ ನೆರಳು ಎಲ್ಲಿ ಬಿದ್ದಿದೆ ಎಂಬುದನ್ನಷ್ಟೇ ನೋಡಿ ಗುರುತು ಹಾಕಿಕೊಳ್ಳಿ.